ಎರಡು ಪೆಟ್ಟಿಗೆ, ಒಂದೇ ಬೆಲೆ

ಬೆಲೆಯಲ್ಲಿ ಅಜಗಜಾಂತರವಿರುವ ಎರಡು ವಸ್ತುಗಳಲ್ಲಿ ಒಂದನ್ನು ಆರಿಸುವುದು ಕಷ್ಟವೇನಲ್ಲ. ಆ ಕೆಲಸವನ್ನು ನಮ್ಮ ಪರ್ಸೇ ಮಾಡಿಬಿಡುತ್ತದೆ. ಸಂಕಟ ಶುರುವಾಗುವುದು ಎರಡೂ ಒಂದೇ ಬೆಲೆಯವಾದಾಗ. ಎರಡು ಮಿಕ್ಸಿಗಳ ಮುಂದೆ, ಎರಡು ರೇಷ್ಮೆ ಸೀರೆಗಳ ಮುಂದೆ ಅರ್ಧ ದಿನ ಕಳೆದು, ಕೊನೆಗೆ ಬಣ್ಣವನ್ನೋ ಅಂಗಡಿಯವನ ಮುಖವನ್ನೋ ನೋಡಿ ಒಂದನ್ನು ಹೊತ್ತುಕೊಂಡು ಬಂದವರಿಗೆ ಈ ಮಾತು ಅರ್ಥವಾದೀತು. ಮನೆಗೆ ಬಂದ ಮೇಲೂ ಬಿಟ್ಟುಬಂದದ್ದರ ಮೇಲೇ ಮನಸ್ಸು!

2019ರಲ್ಲಿ ನಾನು ಹೀಗೆ ನಿಂತದ್ದು ಎರಡು ಕ್ಯಾಮೆರಾಗಳ ನಡುವೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತಳಾಗಿದ್ದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಬಿದ್ದಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರ ತೆಗೆದಿಡಬೇಕೆಂಬುದು ಬಹುದಿನದ ಆಸೆ. ಬಿ.ಎಲ್. ರೈಸ್ ಅವರು ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ನಮ್ಮ ಜಿಲ್ಲೆಯೊಂದಕ್ಕೇ ಎರಡು ಸಂಪುಟ ಬೇಕಾದವು. ಒಂದು 1902ರಲ್ಲಿ, ಇನ್ನೊಂದು 1904ರಲ್ಲಿ ಬಂತು. ಆದರೆ ಅದು ಶಾಸನಗಳ ಸಂಗ್ರಹ, ಅಕ್ಷರವಿರುವ ಕಲ್ಲುಗಳ ಲೆಕ್ಕ. ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಎಷ್ಟೋ ಮಾಸ್ತಿಕಲ್ಲುಗಳ ಮೇಲೆ ಒಂದಕ್ಷರವೂ ಇಲ್ಲ. ಅವಳ ಹೆಸರಿಲ್ಲ, ಊರಿಲ್ಲ. ಇರುವುದು ಕಂಬದಿಂದ ಚಾಚಿ ಮೇಲಕ್ಕೆ ಮಡಿಸಿದ ಒಂದು ಕೈ, ಆ ಕೈಯಲ್ಲಿ ಬಳೆ. ಕಲ್ಲು ಸವೆದರೆ, ರಸ್ತೆಗೋ ಪಾಯಕ್ಕೋ ಹೋದರೆ, ಅವಳಿದ್ದಳೆಂಬುದಕ್ಕೆ ಬೇರೆ ಸಾಕ್ಷಿಯೇ ಇಲ್ಲ.

"ಫೋನಿನಲ್ಲಿ ತೆಗೆದರೆ ಸಾಲದೇ?" ಎಂದು ಎಲ್ಲರೂ ಕೇಳಿದರು. ತೆಗೆದು ನೋಡಿದ್ದೆ. ಬಯಲಲ್ಲಿರುವ ಕಲ್ಲಿಗೆ ಸಾಕು. ಕತ್ತಲು ಕವಿದ ಮಂಟಪದಲ್ಲಿ, ಗುಡಿಯ ಹಿಂಬದಿಯ ಮೂಲೆಯಲ್ಲಿ ಒರಗಿಸಿಟ್ಟ ಕಲ್ಲಿಗೆ ನನ್ನ ಫೋನು ಸಾಲದು. ಅದರೊಳಗೆ ಬೆಳಕು ಹಿಡಿಯುವ ಸೆನ್ಸರ್ ಕಡಲೆಕಾಳಿನಷ್ಟು. ಬೆಳಕು ಸಾಲದಾದಾಗ ಅದು ಚಿತ್ರವನ್ನು ನಯ ಮಾಡಿಬಿಡುತ್ತದೆ, ಒಬ್ಬಟ್ಟಿನ ಕಣಕ ಸವರಿದ ಹಾಗೆ. ಮುಖದ ಚಿತ್ರಕ್ಕೆ ಅದು ಚೆಂದವಿರಬಹುದು. ಕಲ್ಲಿನ ಗೆರೆಯೇ ಬೇಕಾದವರಿಗೆ ಉಪಯೋಗವಿಲ್ಲ. ನನ್ನ ಮುಂದಿದ್ದ ಎರಡು ಕ್ಯಾಮೆರಾಗಳ ಸೆನ್ಸರ್ ಸಣ್ಣದೊಂದು ಅಂಚೆಚೀಟಿಯಷ್ಟಿತ್ತು.

ಎರಡೂ ಹೊಸಬರಿಗೆಂದೇ ಮಾಡಿದ ಡಿ.ಎಸ್.ಎಲ್.ಆರ್.ಗಳು. ಲೆನ್ಸಿನ ಮೂಲಕ ಬಂದ ಬೆಳಕನ್ನು ಒಳಗಿನ ಓರೆ ಕನ್ನಡಿಯೊಂದು ಮೇಲಕ್ಕೆ ಹೊರಳಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಟಪ್ಪೆಂದು ಎದ್ದು ಬೆಳಕಿಗೆ ದಾರಿ ಬಿಡುತ್ತದೆ. ಒಂದು ನಿಕಾನ್ ಡಿ 3500, ಇನ್ನೊಂದು ಕ್ಯಾನನ್ 1500ಡಿ. ಎರಡೂ 2018ರಲ್ಲಿ ಹೊರಬಂದವು. ಎರಡಕ್ಕೂ ಮೂವತ್ತು ಸಾವಿರದ ಆಚೀಚೆ ಬೆಲೆ, ಎರಡಕ್ಕೂ 24 ಮೆಗಾಪಿಕ್ಸೆಲ್, ಎರಡರ ಜೊತೆಗೂ 18ರಿಂದ 55 ಮಿಲಿಮೀಟರಿನ ಲೆನ್ಸ್.

ನಾನು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೀಟು ಹಾಕಿ ಪಟ್ಟಿ ಮಾಡಿದೆ. ನಿಕಾನಿನ ಬ್ಯಾಟರಿ ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಲ್ಲಿ 1,550 ಚಿತ್ರ, ಕ್ಯಾನನಿನದು 500. ಸೆಕೆಂಡಿಗೆ ನಿಕಾನ್ ಐದು ಚಿತ್ರ ತೆಗೆದರೆ ಕ್ಯಾನನ್ ಮೂರು. ಬ್ಯಾಟರಿ ಸೇರಿ ನಿಕಾನ್ 415 ಗ್ರಾಂ, ಕ್ಯಾನನ್ 475. ಕ್ಯಾನನಿನಲ್ಲಿ ವೈಫೈ ಇದೆ. ನಿಕಾನಿನಲ್ಲಿ ಬರೀ ಬ್ಲೂಟೂತ್. "ಲೇಡೀಸ್‌ಗೆ ಇದು ಹಗುರ ಮೇಡಂ" ಎಂದು ಅಂಗಡಿಯ ಹುಡುಗ ನಿಕಾನನ್ನು ಮುಂದೆ ಸರಿಸಿದ. ಅರವತ್ತು ಗ್ರಾಂ ಎಂದರೆ ಒಂದು ಕೋಳಿಮೊಟ್ಟೆಯ ತೂಕ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಸೀರೆಯುಟ್ಟು, ಸ್ಪೀಡ್ ಗ್ರಾಫಿಕ್ ಎಂಬ ಭಾರದ ಪೆಟ್ಟಿಗೆ ಹೊತ್ತು ದೆಹಲಿಯಲ್ಲಿ ಸೈಕಲ್ ಮೇಲೆ ಓಡಾಡಿದವರು. ಅವರ ಕಾಲದಲ್ಲಿ ಈ ಹುಡುಗ ಇರಲಿಲ್ಲ, ಪುಣ್ಯ!

ಪಟ್ಟಿ ಮುಗಿದರೂ ನಿರ್ಧಾರ ಹುಟ್ಟಲಿಲ್ಲ. ಇತಿಹಾಸದ ಟೀಚರಿಗೆ ಇನ್ನೇನು ತೋಚೀತು? ಎರಡೂ ಮನೆತನಗಳ ಪೂರ್ವೋತ್ತರ ವಿಚಾರಿಸಲು ಹೊರಟೆ. ಹೆಣ್ಣು ಕೊಡುವಾಗಲೂ ತರುವಾಗಲೂ ನಮ್ಮ ಹಿರಿಯರು ಮಾಡುತ್ತಿದ್ದುದು ಅದನ್ನೇ ಅಲ್ಲವೇ?

ಎರಡೂ ಜಪಾನಿನ ಮನೆಗಳು. ನಿಕಾನಿನದು ದೊಡ್ಡ ಮನೆ. 1917ರಲ್ಲಿ ಗಾಜಿನ ಉಪಕರಣ ಮಾಡುವ ಸಣ್ಣ ಸಂಸ್ಥೆಗಳು ಮಿತ್ಸುಬಿಷಿಯ ಬಂಡವಾಳದಲ್ಲಿ ಒಂದಾಗಿ ನಿಪ್ಪೊನ್ ಕೊಗಾಕು ಎಂಬ ಕಂಪನಿಯಾಯಿತು. ಅದರ ಕೆಲಸ ಆಗ ಕ್ಯಾಮೆರಾ ಅಲ್ಲ. ನೌಕಾಪಡೆಗೆ ದುರ್ಬೀನು, ದೂರ ಅಳೆಯುವ ಯಂತ್ರ, ಜೊತೆಗೆ ಲೆನ್ಸು. ನಿಕಾನ್ ಎಂಬ ಹೆಸರಿನ ಕ್ಯಾಮೆರಾ ಬಂದದ್ದು ಯುದ್ಧ ಮುಗಿದು ಸೈನ್ಯದ ಕೆಲಸ ನಿಂತ ಮೇಲೆ, 1948ರಲ್ಲಿ.

ಕ್ಯಾನನಿನ ಕಥೆ ಬೇರೆ. ಯೊಶಿದಾ ಗೊರೊ ಎಂಬ ಕುತೂಹಲಿ, ಜರ್ಮನಿಯ ದುಬಾರಿ ಲೈಕಾ ಕ್ಯಾಮೆರಾವನ್ನು ಬಿಚ್ಚಿ ಹರವಿಕೊಂಡು ಕೂತನಂತೆ. ಒಳಗೆ ವಜ್ರವೇನೂ ಇರಲಿಲ್ಲ. ಹಿತ್ತಾಳೆ, ಅಲ್ಯುಮಿನಿಯಂ, ಕಬ್ಬಿಣ, ರಬ್ಬರು. ಇಷ್ಟು ಅಗ್ಗದ ಸಾಮಾನು ಜೋಡಿಸಿದ್ದಕ್ಕೆ ಅಷ್ಟೊಂದು ಹಣವೇ ಎಂದು ಅವನಿಗೆ ಸಿಟ್ಟು ಬಂತು. ಮಕ್ಕಳು ರೇಡಿಯೋ ಬಿಚ್ಚಿದರೆ ನಾವು ಬೈಯುತ್ತೇವೆ. ಆ ಬಿಚ್ಚಾಟದಿಂದಲೇ 1933ರಲ್ಲಿ ಟೋಕಿಯೋದ ಒಂದು ಬಾಡಿಗೆ ಕಟ್ಟಡದಲ್ಲಿ ಒಂದು ಪ್ರಯೋಗಶಾಲೆ ಹುಟ್ಟಿತು. ಅದಕ್ಕೆ ಹಣದ ನೆರವು ಕೊಟ್ಟವರಲ್ಲಿ ಒಬ್ಬರು ಮಿತರಾಯಿ ತಾಕೆಶಿ, ಹೆರಿಗೆ ಡಾಕ್ಟರು! 1942ರಲ್ಲಿ ಕಂಪನಿಯ ಮೊದಲ ಅಧ್ಯಕ್ಷರಾದವರೂ ಅವರೇ.

1934ರಲ್ಲಿ ಆ ಪ್ರಯೋಗಶಾಲೆ ತನ್ನ ಮಾದರಿ ಕ್ಯಾಮೆರಾಕ್ಕೆ ಇಟ್ಟ ಹೆಸರು 'ಕ್ವಾನೊನ್'. ಲೆನ್ಸಿನ ಹೆಸರು 'ಕಶ್ಯಪ', ಬುದ್ಧನ ಶಿಷ್ಯ ಮಹಾಕಾಶ್ಯಪನದು. ಕ್ವಾನೊನ್ ಎಂದರೆ ಯಾರು ಗೊತ್ತೇ? ಲೋಕದ ಮೊರೆಯನ್ನು ಆಲಿಸುವ ಕರುಣೆಯ ದೇವತೆ. ನಮ್ಮ ಅವಲೋಕಿತೇಶ್ವರನೇ ಚೀನಾ ದಾಟಿ ಜಪಾನಿಗೆ ಹೋಗುವಷ್ಟರಲ್ಲಿ ಹೆಚ್ಚಾಗಿ ಹೆಣ್ಣುರೂಪ ತಾಳಿ ಆ ಹೆಸರು ಪಡೆದಿದ್ದ. ಮಂಗಳೂರಿನ ಕದ್ರಿ ದೇವಸ್ಥಾನಕ್ಕೆ ಹೋದವರು ಅಲ್ಲಿಯ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡಿರುತ್ತೀರಿ. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಸ್ಥಾಪಿಸಿದ ಮೂರ್ತಿ ಅದು. ಆ ಲೋಕೇಶ್ವರನೂ ಈ ಕ್ವಾನೊನ್‌ಳೂ ಒಂದೇ ಶಕ್ತಿಯ ಎರಡು ರೂಪ. ಮುಂದೆ ವ್ಯಾಪಾರಕ್ಕೆ ಒಗ್ಗುವಂತೆ ಹೆಸರು 'ಕ್ಯಾನನ್' ಆಯಿತು. ನಮ್ಮ ಮದುವೆ ಮನೆಗಳಲ್ಲಿ ಫೋಟೋಗ್ರಾಫರ್ ಹುಡುಗರ ಕೊರಳಲ್ಲಿ ತೂಗುವ ಪಟ್ಟಿಯ ಮೇಲೆ ಇರುವುದು ಆ ದೇವಿಯ ಹೆಸರೇ.

ಈ ಓದಿನಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದು. 1936ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಕ್ಯಾನನ್ ಕ್ಯಾಮೆರಾದ ಲೆನ್ಸನ್ನು ಅರೆದು ಕೊಟ್ಟವರು ಯಾರು? ನಿಪ್ಪೊನ್ ಕೊಗಾಕು, ಎಂದರೆ ನಿಕಾನಿನವರು! ಹೊಸ ಮನೆಗೆ ಪೆಟ್ಟಿಗೆ ಮಾಡಲು ಬರುತ್ತಿತ್ತು, ಕಣ್ಣು ಮಾಡಲು ಬರುತ್ತಿರಲಿಲ್ಲ. ಮುಂದಿನ ಎಂಬತ್ತು ವರ್ಷ ಜಗತ್ತೆಲ್ಲ ಬದ್ಧ ವೈರಿಗಳೆಂದು ಎಣಿಸಿದ ಇಬ್ಬರಲ್ಲಿ ಒಬ್ಬಳು ಮೊದಲು ಲೋಕ ಕಂಡದ್ದು ಇನ್ನೊಬ್ಬಳ ಕಣ್ಣಿನಿಂದ.

1959ರಲ್ಲಿ ಎರಡೂ ಮನೆಗಳು ಕನ್ನಡಿಯಿರುವ ಕ್ಯಾಮೆರಾ ಹೊರತಂದವು. ಇಲ್ಲಿಂದ ಮುಂದಿನದು ನನ್ನ ಆಯ್ಕೆಗೆ ಸಂಬಂಧಪಟ್ಟ ಚರಿತ್ರೆ. ಈ ಬಗೆಯ ಕ್ಯಾಮೆರಾದಲ್ಲಿ ಲೆನ್ಸನ್ನು ಬಿಚ್ಚಿ ಬೇರೆ ಲೆನ್ಸ್ ಹಾಕಬಹುದು. ಲೆನ್ಸ್ ಕೂರುವ ಲೋಹದ ಬಳೆಗೆ ಮೌಂಟ್ ಎನ್ನುತ್ತಾರೆ. ಅದು ಮನೆಯ ಹೆಬ್ಬಾಗಿಲು. ಬಾಗಿಲಿನ ಅಳತೆಗೆ ಹೊಂದಿದ ಲೆನ್ಸ್ ಮಾತ್ರ ಒಳಗೆ ಬಂದೀತು. ಜನ ಒಂದು ಕ್ಯಾಮೆರಾಕ್ಕೆ ನಾಲ್ಕಾರು ಲೆನ್ಸ್ ಕೊಳ್ಳುತ್ತಾರೆ, ಕ್ಯಾಮೆರಾ ಕೆಟ್ಟರೂ ಲೆನ್ಸ್ ಉಳಿಯುತ್ತದೆ. ಹಾಗಾಗಿ ಬಾಗಿಲು ಬದಲಿಸುವುದೆಂದರೆ ಹಳೆಯ ನೆಂಟಸ್ತಿಕೆಯನ್ನೇ ಕಡಿದುಕೊಂಡಂತೆ.

1985ರಲ್ಲಿ ಮಿನೋಲ್ಟಾ ಎಂಬ ಮೂರನೆಯ ಕಂಪನಿ, ತಾನೇ ದೃಷ್ಟಿ ಕೂಡಿಸಿಕೊಳ್ಳುವ ಕ್ಯಾಮೆರಾ ತಂದು ಇಬ್ಬರ ನಿದ್ದೆಯನ್ನೂ ಕೆಡಿಸಿತು. ಗಾಜನ್ನು ಹಿಂದೆ ಮುಂದೆ ಸರಿಸಲು ಈಗ ಒಂದು ಮೋಟಾರು ಬೇಕು. ಅದನ್ನು ಎಲ್ಲಿಡುವುದು? ನಿಕಾನ್ 1986ರಲ್ಲಿ ಮೋಟಾರನ್ನು ಕ್ಯಾಮೆರಾದ ಒಡಲಲ್ಲಿಟ್ಟು, ಬಾಗಿಲಲ್ಲಿ ಒಂದು ಸಣ್ಣ ತಿರುಪಿನ ಮೂಲಕ ಲೆನ್ಸನ್ನು ತಿರುಗಿಸಿತು. ಬಾಗಿಲ ಚೌಕಟ್ಟು 1959ರದ್ದೇ ಉಳಿಯಿತು. ಕ್ಯಾನನ್ 1987ರಲ್ಲಿ ಗೋಡೆ ಒಡೆದು ಹೊಸದಾಗಿ ದೊಡ್ಡ ಬಾಗಿಲನ್ನೇ ಇಟ್ಟಿತು. ಮೋಟಾರು ಒಂದೊಂದು ಲೆನ್ಸಿನೊಳಗೇ ಸೇರಿತು. ಹಳೆಯ ಲೆನ್ಸ್‌ಗಳಿಗೆ ಮೈತುಂಬ ಹಣ ಸುರಿದಿದ್ದ ಗಿರಾಕಿಗಳು ರೇಗಿದರು. ಆದರೆ ಹೊಸ ಏರ್ಪಾಡು ಚುರುಕಾಗಿತ್ತು. 1990ರ ದಶಕದಲ್ಲಿ ಆಟದ ಮೈದಾನಗಳ ಅಂಚಿನಲ್ಲಿ ಕ್ಯಾನನಿನ ಬಿಳಿಯ ದೊಡ್ಡ ಲೆನ್ಸ್‌ಗಳು ಸಾಲುಗಟ್ಟಿದವು. ಒಬ್ಬರದು ಸಂಬಂಧ ಉಳಿಸಿಕೊಳ್ಳುವ ಜಾಣ್ಮೆ, ಇನ್ನೊಬ್ಬರದು ಕಡಿದು ಹೊಸದು ಕಟ್ಟುವ ಧೈರ್ಯ. ಯಾವುದು ಸರಿ? ಎರಡೂ ಮನೆ ನಡೆದವು.

ಡಿಜಿಟಲ್ ಬಂದದ್ದು ಮೂರನೆಯ ಮನೆಯಿಂದ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಸುಮಾರು 3.6 ಕಿಲೋ ತೂಕದ ಪೆಟ್ಟಿಗೆಯೊಂದನ್ನು ಜೋಡಿಸಿದ. ಫಿಲ್ಮ್ ಇಲ್ಲ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು, ಅದೂ ಕಪ್ಪು ಬಿಳುಪು, 0.01 ಮೆಗಾಪಿಕ್ಸೆಲ್. ಅದೇ ಕಂಪನಿಯ ಬ್ರೈಸ್ ಬೇಯರ್ ಸೆನ್ಸರಿನ ಮೇಲೆ ಕೆಂಪು, ಹಸಿರು, ನೀಲಿ ಚೌಕಗಳ ರಂಗೋಲಿ ಹಾಸಿ ಬಣ್ಣ ಹಿಡಿಯುವ ಉಪಾಯ ಕಂಡುಹಿಡಿದರು. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಸೂಕ್ಷ್ಮವಾದ್ದರಿಂದ ಹಸಿರು ಚೌಕ ಎರಡು ಪಾಲು. 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಾನು ಹೇಳುತ್ತಿರುವ ಎರಡೂ ಕ್ಯಾಮೆರಾಗಳ ಒಳಗಿರುವುದು ಆ ರಂಗೋಲಿಯೇ. ಆದರೆ ಫಿಲ್ಮ್ ಮಾರಿ ಬದುಕಿದ್ದ ಕೊಡಾಕ್ ತನ್ನ ಕೂಸನ್ನು ತಾನೇ ಮನಸ್ಸಿಟ್ಟು ಸಾಕಲಿಲ್ಲ. 1991ರಲ್ಲಿ ಅದು ಡಿಜಿಟಲ್ ಕ್ಯಾಮೆರಾ ಮಾರಲು ಹೊರಟಾಗಲೂ ನಿಕಾನಿನ ಕ್ಯಾಮೆರಾವನ್ನೇ ಆಧಾರ ಮಾಡಿಕೊಂಡಿತ್ತು. 2012ರಲ್ಲಿ ಆ ಕಂಪನಿ ದಿವಾಳಿಯ ರಕ್ಷಣೆ ಬೇಡಿತು.

ಕೂಸನ್ನು ಬೆಳೆಸಿದವರು ಈ ಇಬ್ಬರು. 1999ರ ನಿಕಾನ್ ಡಿ 1ರ ಬೆಲೆ ಸುಮಾರು 5,000 ಡಾಲರ್. ಪತ್ರಿಕೆಯವರು ಮಾತ್ರ ಕೊಳ್ಳಬಹುದಾದದ್ದು. 2003ರಲ್ಲಿ ಕ್ಯಾನನ್ 300ಡಿ ಮೊದಲ ಬಾರಿಗೆ ಸಾವಿರ ಡಾಲರಿನೊಳಗೆ ಬಂತು. ಮರುವರ್ಷ ನಿಕಾನ್ ಡಿ 70 ಹೆಚ್ಚುಕಡಿಮೆ ಅದೇ ಬೆಲೆಗೆ ಪಕ್ಕದಲ್ಲೇ ಬಂದು ಕೂತಿತು. ಒಂದೇ ಬೆಲೆಯ ಎರಡು ಪೆಟ್ಟಿಗೆಗಳ ಮುಂದೆ ಜನ ತಲೆ ಕೆರೆದುಕೊಳ್ಳಲು ಶುರುಮಾಡಿದ್ದು ಆಗ. 2006ರಲ್ಲಿ ನಿಕಾನ್ ಡಿ 40 ಎಂಬ ಇನ್ನೂ ಅಗ್ಗದ, ಪುಟ್ಟ ಕ್ಯಾಮೆರಾ ತಂದಿತು. ಅಗ್ಗ ಮಾಡಲು ಒಡಲಿನ ಮೋಟಾರನ್ನೇ ತೆಗೆದುಹಾಕಿತು. ಹೊಸ ಲೆನ್ಸ್‌ಗಳಲ್ಲಿ ಮೋಟಾರಿತ್ತು, ಚಿಂತೆಯಿಲ್ಲ. ಹಳೆಯವು ಕೂರುತ್ತವೆ, ಆದರೆ ತಾವಾಗಿ ದೃಷ್ಟಿ ಕೂಡಿಸವು. ಡಿ 3500 ಕೂಡ ಇದೇ ಸಂತಾನ.

ನನ್ನ ಪಟ್ಟಿಯಲ್ಲಿ ಈ ವಿಷಯವೇ ಇರಲಿಲ್ಲ! 1987ರ ಒಂದು ತೀರ್ಮಾನ, 2006ರ ಇನ್ನೊಂದು, ಎರಡೂ 2019ರಲ್ಲಿ ನಮ್ಮೂರ ಅಂಗಡಿಯ ಗಾಜಿನ ಮೇಜಿನ ಮೇಲೆ ಕೂತಿದ್ದವು.

ಕತ್ತಲ ಮಂಟಪಕ್ಕೆ ಬೇಕಾದದ್ದು ಅಗಲವಾಗಿ ತೆರೆಯುವ ಲೆನ್ಸ್. ಅದಕ್ಕೊಂದು ಸಂಖ್ಯೆಯಿದೆ, ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು. ಪೆಟ್ಟಿಗೆಯ ಜೊತೆ ಬರುವ ಲೆನ್ಸನ್ನು ಪೂರ್ತಿ ಮುಂದಕ್ಕೆ ಎಳೆದರೆ ಅದು 5.6. ಆದರೆ 1.8ರ 50 ಮಿಲಿಮೀಟರ್ ಲೆನ್ಸ್ ಅದಕ್ಕಿಂತ ಸುಮಾರು ಒಂಬತ್ತು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಕ್ಯಾನನಿನಲ್ಲಿ ಇಂಥ ಲೆನ್ಸ್ ಅಗ್ಗ, ಮೋಟಾರೂ ಅದರೊಳಗೇ ಇದೆ. ನಿಕಾನಿನ ಅಗ್ಗದ 1.8ರ ಲೆನ್ಸ್ ಹಳೆಯ ಕಾಲದ್ದು. ಡಿ 3500ರ ಮೇಲೆ ಕೈಯಿಂದಲೇ ತಿರುಗಿಸಬೇಕು. ಮೋಟಾರಿರುವುದು ಬೇಕೆಂದರೆ ಇನ್ನಷ್ಟು ದುಡ್ಡು. ಲೆಕ್ಕ ಕ್ಯಾನನಿನ ಕಡೆಗೆ ವಾಲಿತು.

ಆಗ ನೆನಪಾದದ್ದು ಚಿಕ್ಕಮ್ಮನ ಡಬ್ಬಿ. ನನ್ನ ಚಿಕ್ಕಮ್ಮ ಕುವೈತಿನಲ್ಲಿ ನರ್ಸ್ ಆಗಿದ್ದವಳು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಮ್ಮಾನಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಊರು ಸೇರಿದ ಲಕ್ಷಕ್ಕೂ ಮೀರಿದ ಭಾರತೀಯರಲ್ಲಿ ಅವಳೂ ಒಬ್ಬಳು. ಫ್ರಿಜ್ಜು, ಬಟ್ಟೆಬರೆ, ಆರು ವರ್ಷ ತೆಗೆದ ಫೋಟೋಗಳ ನೆಗೆಟಿವ್‌ಗಳು, ಎಲ್ಲ ಅಲ್ಲೇ ಉಳಿದವು. ಹೆಗಲಿಗಿದ್ದ ನಿಕಾನ್ ಕ್ಯಾಮೆರಾ ಮಾತ್ರ ಜೊತೆಗೆ ಬಂತು. ನಮ್ಮ ಕಡೆಯ ಮಳೆಗಾಲಕ್ಕೆ ಆ ಕ್ಯಾಮೆರಾ ಕೆಲವೇ ವರ್ಷಗಳಲ್ಲಿ ಹಿಡಿದುಕೊಂಡಿತು. ಲೆನ್ಸಿಗೆ ಬೂಷ್ಟು ಹಿಡಿಯಬಾರದೆಂದು ಚಿಕ್ಕಮ್ಮ ಅದನ್ನು ಬಿಚ್ಚಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮಾತ್ರೆ ಬಾಟಲಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳ ನಡುವೆ ಇಟ್ಟಿದ್ದಳು. ವರ್ಷಕ್ಕೊಮ್ಮೆ ಪೊಟ್ಟಣ ಬದಲಿಸುತ್ತಿದ್ದಳು. 50 ಮಿಲಿಮೀಟರ್, 1.8.

"ಆಗ ನಿಕಾನೇ ಯಾಕೆ ತಗೊಂಡೆ ಚಿಕ್ಕಮ್ಮ?" ಎಂದು ಕೇಳಿದೆ.

"ಯಾಕೆ ಅಂದ್ರೆ ಏನು ಹೇಳ್ಲಿ ಮಾರಾಯ್ತಿ, ಎರಡಕ್ಕೂ ಒಂದೇ ರೇಟು. ಇದರ ಬೆಲ್ಟು ಚಂದ ಇತ್ತು, ತಗೊಂಡೆ."

ಬೆಲ್ಟು ನೋಡಿ ಕೊಂಡದ್ದು! 1984ರಲ್ಲಿ ಅವಳು ಪಕ್ಕದ ಕ್ಯಾನನ್ ಆರಿಸಿದ್ದರೆ ಆ ಲೆನ್ಸ್ 1987ರಿಂದೀಚಿನ ಕ್ಯಾನನಿಗೂ ನೇರ ಕೂರುತ್ತಿರಲಿಲ್ಲ. ನಿಕಾನಿನದಾದ್ದರಿಂದ ಮೂವತ್ತೈದು ವರ್ಷಗಳ ನಂತರದ ಡಿ 3500ಕ್ಕೆ ಅದು ಕಿರ್ರೆನ್ನದೆ ಕೂತಿತು. ಕ್ಯಾಮೆರಾಕ್ಕೆ ಅದರ ಪರಿಚಯವಿಲ್ಲ, ನಿಜ. ಮೋಟಾರಿಲ್ಲ, ಬೆಳಕು ಅಳೆಯುವ ಮೀಟರೂ ನಡೆಯದು. ಎಲ್ಲ ಕೈಯಿಂದಲೇ. ಒಂದು ಚಿತ್ರ ತೆಗೆಯುವುದು, ಹಿಂದಿನ ತೆರೆಯಲ್ಲಿ ನೋಡುವುದು, ಉಪ್ಪು ಖಾರ ಸರಿಮಾಡಿದ ಹಾಗೆ ಸರಿಮಾಡುವುದು. ದೃಷ್ಟಿ ಕೂಡಿದಾಗ ಕಿಂಡಿಯ ಮೂಲೆಯಲ್ಲಿ ಹಸಿರು ಚುಕ್ಕೆಯೊಂದು ಬೆಳಗುತ್ತದೆ, ಅಷ್ಟು ಸಹಾಯ ಉಂಟು. ಆರುನೂರು ವರ್ಷದಿಂದ ನಿಂತಲ್ಲೇ ನಿಂತಿರುವ ಕಲ್ಲು ನಾನು ಬಳೆ ತಿರುಗಿಸುವಷ್ಟರಲ್ಲಿ ಓಡಿಹೋದೀತೇ? ನಾನು ನಿಕಾನ್ ಕೊಂಡೆ.

ಮರುತಿಂಗಳು ನನ್ನ ಅಣ್ಣನ ಮಗಳು ಬಂದು, "ಅತ್ತೆ, ನಾನೂ ಅದನ್ನೇ ತಗೊಳ್ಲಾ?" ಎಂದಳು. ಅವಳಿಗೆ ಎರಡು ಪುಟ್ಟ ಮಕ್ಕಳು. ಸ್ಕೂಲಿನ ಓಟ, ಹುಟ್ಟುಹಬ್ಬ, ಮನೆಯ ಮಬ್ಬು ದೀಪ. ಅವು ಒಂದು ಗಳಿಗೆ ನಿಂತಲ್ಲಿ ನಿಲ್ಲವು. "ಬೇಡ, ನೀನು ಕ್ಯಾನನ್ ತಗೊ, ಜೊತೆಗೆ ಆ 50ರ ಲೆನ್ಸ್ ತಗೊ" ಎಂದೆ. ಹಾಗೇ ಮಾಡಿದಳು, ಸುಖವಾಗಿದ್ದಾಳೆ. ಒಂದೇ ಬೆಲೆ, ಒಂದೇ ಕುಟುಂಬ. ನನಗೆ ಸರಿಯಾದದ್ದು ಅವಳಿಗೆ ಸಲ್ಲದು.

2018ರಲ್ಲೇ ಎರಡೂ ಕಂಪನಿಗಳು ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆಂದು ಮತ್ತೆ ಹೊಸ ಬಾಗಿಲು ತೆರೆದಿದ್ದವು. ಈ ಸಲ ನಿಕಾನ್ ಕೂಡ. ಡಿ 3500ರ ತಯಾರಿಕೆ ಈಗ ನಿಂತಿದೆ. ಹಳೆಯ ಲೆನ್ಸ್‌ಗಳನ್ನು ನಡುವೆ ಒಂದು ಜೋಡುಬಳೆ ಹಾಕಿ ಕೂರಿಸಬಹುದಂತೆ. ಕನ್ನಡಿಯ ಕ್ಯಾಮೆರಾಗಳು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ಕೊಳ್ಳುವವರು ನನ್ನನ್ನು ಕೇಳಿದರೆ ಮೆಗಾಪಿಕ್ಸೆಲ್ ಮಾತೆತ್ತುವುದಿಲ್ಲ. ಏನನ್ನು ತೆಗೆಯುತ್ತೀರಿ, ಅದು ನಿಲ್ಲುತ್ತದೆಯೋ ಓಡುತ್ತದೆಯೋ, ಎಂಥ ಬೆಳಕಿನಲ್ಲಿ, ನಿಮ್ಮ ಮನೆಯಲ್ಲೋ ನೆಂಟರಲ್ಲೋ ಯಾರ ಡಬ್ಬಿಯಲ್ಲಿ ಯಾವ ಲೆನ್ಸ್ ಇದೆ ಎಂದು ಕೇಳುತ್ತೇನೆ.

ಮೊದಲು ತೆಗೆದದ್ದು ಶಿಕಾರಿಪುರ ಕಡೆಯ ಹಳ್ಳಿಯೊಂದರ ಮಂಟಪದಲ್ಲಿದ್ದ ಮಾಸ್ತಿಕಲ್ಲು. ಅಕ್ಷರವಿಲ್ಲದ್ದು. ಕಲ್ಲಿಗೆ ನೇರ ಬೆಳಕು ಬಿಟ್ಟರೆ ಕೆತ್ತನೆ ಚಪ್ಪಟೆಯಾಗುತ್ತದೆ. ಓರೆಯಾಗಿ, ಗೋಡೆಗೆ ತಾಗಿದಂತೆ ಬಿಡಬೇಕು. ಊರಿನ ಹುಡುಗಿಯೊಬ್ಬಳು ಎಡಗಡೆ ನಿಂತು ಟಾರ್ಚ್ ಹಿಡಿದಳು. ನಾನು ಕಂಬಕ್ಕೆ ಮೊಣಕೈ ಊರಿ ಉಸಿರು ಬಿಗಿಹಿಡಿದೆ. ಚಿತ್ರವನ್ನು ಚಿಕ್ಕಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅವಳು ತನ್ನ ಲೆನ್ಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕನ್ನಡಕ ಏರಿಸಿಕೊಂಡು ಆ ಮಡಿಸಿದ ಕೈಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಎಣಿಸಿದಳು.

"ಐದು ಬಳೆ ಇದೆಯಲ್ಲೇ" ಎಂದಳು. "ಬರೆದಿಟ್ಟುಕೊ."

ಬರೆದುಕೊಂಡೆ.